ಮಲೆನಾಡಿನಲ್ಲಿ ಮನಸ್ಸಿನ ಕೆಲಸ



ಈ ದತ್ತಿ ಉಪನ್ಯಾಸಕ್ಕೆ ಸಂಘಟಕರು ನನಗೆ ಮೊದಲು ಕೊಟ್ಟ ವಿಷಯ ‘ಒತ್ತಡ ನಿರ್ವಹಣೆ’. ಅದನ್ನು ಬದಲಿಸಿಕೊಡಿ ಎಂದು ನಾನೇ ಕೇಳಿಕೊಂಡೆ. ಆ ಹೆಸರಿನ ಭಾಷಣಗಳು ಈಗ ಕಾಲೇಜುಗಳಲ್ಲಿ, ಬ್ಯಾಂಕುಗಳಲ್ಲಿ, ಅಡಿಕೆ ಸೊಸೈಟಿಗಳ ವಾರ್ಷಿಕ ಸಭೆಗಳಲ್ಲೂ ನಡೆಯುತ್ತವೆ. ಬೇಗ ಏಳಿ, ಪ್ರಾಣಾಯಾಮ ಮಾಡಿ, ಒಳ್ಳೆಯದನ್ನೇ ಯೋಚಿಸಿ ಎಂಬಲ್ಲಿಗೆ ಮುಗಿಯುತ್ತವೆ. ಕೇಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಒತ್ತಡ ಅವರಿಗಿಂತ ಮೊದಲೇ ಹೋಗಿ ಜಗಲಿಯಲ್ಲಿ ಕೂತಿರುತ್ತದೆ.

ನಾನು ಮಾತಾಡಬೇಕೆಂದಿರುವುದು ನನ್ನ ಕಸುಬಿನ ಬಗ್ಗೆ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ಓಡಾಡಿಕೊಂಡು ಆಪ್ತಸಮಾಲೋಚನೆ ಮಾಡುವವಳು ನಾನು. ಬೇರೆಯವರ ದುಃಖ ಕೇಳುವುದೇ ಕೆಲಸವಾದವರು ತಮ್ಮನ್ನು ಹೇಗೆ ಉಳಿಸಿಕೊಳ್ಳುತ್ತಾರೆ ಎಂದು ತುಂಬ ಜನ ಕೇಳುತ್ತಾರೆ. ನಾನು ಕಂಡುಕೊಂಡ ಉತ್ತರ ಅವರಿಗೆ ಸಾಮಾನ್ಯವಾಗಿ ರುಚಿಸುವುದಿಲ್ಲ. ಸಮಾಲೋಚಕಿ ಸಂಜೆ ಏನು ಮಾಡುತ್ತಾಳೆ ಎಂಬುದರ ಮೇಲೆ ಅವಳ ಆರೋಗ್ಯ ನಿಂತಿಲ್ಲ. ಹಗಲಿನ ಕೆಲಸವನ್ನು ಯಾರ ಜತೆ, ಯಾವ ಕಟ್ಟುಪಾಡಿನಲ್ಲಿ ಮಾಡುತ್ತಾಳೆ ಎಂಬುದರ ಮೇಲೆ ನಿಂತಿದೆ. ಇವತ್ತು ಹೇಳುವುದಿಷ್ಟೇ. ಉಳಿದದ್ದೆಲ್ಲ ಇದರ ವಿವರ. ಮಾತಿನ ನಡುವೆ ಬರುವ ಯಾರೂ ಒಬ್ಬ ವ್ಯಕ್ತಿಯಲ್ಲ; ಊರು, ವಯಸ್ಸು, ಸಂಬಂಧ ಎಲ್ಲ ಬದಲಿಸಿದ್ದೇನೆ. ಆದ್ದರಿಂದ ಇದು ಯಾರ ಮನೆ ಕಥೆ ಎಂದು ಪಕ್ಕದವರನ್ನು ಕೇಳಬೇಡಿ.

ಹಾಗೆ ಕೇಳುತ್ತೀರಿ ಎಂದು ಗೊತ್ತಿರುವುದರಿಂದಲೇ ಹೇಳಿದೆ. ನಮ್ಮ ಕಡೆ ಎಲ್ಲರಿಗೂ ಎಲ್ಲರೂ ಗೊತ್ತು. ಗೊತ್ತಿಲ್ಲದವರ ಹತ್ತಿರ ‘ಯಾರ ಪೈಕಿ ಆಯ್ತು?’ ಎಂದು ಎರಡು ಪ್ರಶ್ನೆ ಕೇಳಿದರೆ ಮೂರನೆಯದಕ್ಕೆ ನೆಂಟಸ್ತನ ಹೊರಟಿರುತ್ತದೆ. ಬೆಂಗಳೂರಿನಲ್ಲಿ ಒಬ್ಬರು ಮನೋಚಿಕಿತ್ಸಕರ ಬಳಿ ಹೋಗಿ ಬಂದರೆ ಲಿಫ್ಟಿನಲ್ಲಿ ಸಿಕ್ಕವರಿಗೂ ತಿಳಿಯುವುದಿಲ್ಲ. ಇಲ್ಲಿ ಬಟ್ಟೆಮಲ್ಲಪ್ಪದಲ್ಲಿ ಬಸ್ ಹತ್ತುವಾಗಲೇ ‘ಏನ್ ಸಾಗರದ ಕಡೆ?’ ಎಂಬ ಪ್ರಶ್ನೆ ಬಂದಿರುತ್ತದೆ. ನಾನು ಕೂರುವ ಕೋಣೆ ಮಹಡಿ ಮೇಲಿದೆ, ಕೆಳಗೆ ಟೈಲರ್ ಅಂಗಡಿ. ಮೆಟ್ಟಿಲು ಹತ್ತಿ ಬರುವ ಹೆಂಗಸರ ಕೈಯಲ್ಲಿ ಒಂದು ಬಟ್ಟೆ ಚೀಲ, ಚೀಲದಲ್ಲಿ ಒಂದು ಬ್ಲೌಸ್ ಪೀಸು. ಮೇಲೆ ಮುಕ್ಕಾಲು ಗಂಟೆ ಅತ್ತು, ಮುಖ ತೊಳೆದು, ಕೆಳಗಿಳಿದು ಆ ಪೀಸನ್ನು ಟೈಲರಿಗೆ ಕೊಟ್ಟು ಹೋಗುತ್ತಾರೆ. ಬಂದದ್ದಕ್ಕೆ ಸಾಕ್ಷಿ ಬೇಕಲ್ಲ. ಒಬ್ಬಾಕೆ ಒಂದೇ ಪೀಸನ್ನು ಹೊಲಿಸದೆ ಮೂರು ಸಲ ತಂದು ವಾಪಸು ಒಯ್ದಿದ್ದರು.

2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗೋಪ್ಯತೆಯನ್ನು ಹಕ್ಕು ಎಂದು ಬರೆದಿಟ್ಟಿದೆ. ಕಾಯ್ದೆ ಒಳ್ಳೆಯದು. ಆದರೆ ಆ ಹಕ್ಕನ್ನು ಕಾಪಾಡುವುದಕ್ಕೆ ಇಲ್ಲಿ ಬೇರೆ ಬೇರೆ ಉಪಾಯ ಹುಡುಕಬೇಕು. ನಮ್ಮ ವೃತ್ತಿಯಲ್ಲಿ ಒಂದು ನಿಯಮವಿದೆ: ಹೊರಗೆ ಸಿಕ್ಕಾಗ ನಾವಾಗಿ ಮಾತಾಡಿಸಬಾರದು, ಅವರಾಗಿ ಮಾತಾಡಿಸಿದರೆ ಮಾತ್ರ ಮಾತಾಡಬೇಕು. ಪುಸ್ತಕದಲ್ಲಿ ಇದು ಸರಳ. ಮದುವೆ ಮನೆಯ ಪಂಕ್ತಿಯಲ್ಲಿ ಎದುರೆದುರು ಎಲೆ ಹಾಕಿಸಿಕೊಂಡು ಕೂತಾಗ ಮಾತಾಡಿಸದೆ ಇದ್ದರೆ ಮಲೆನಾಡಿನಲ್ಲಿ ಅದು ಜಗಳದ ಗುರುತು. ‘ಅವ್ರಿಗೂ ನಿಂಗೂ ಏನಾಯ್ತೇ?’ ಎಂದು ಬಡಿಸುವವರೇ ವಿಚಾರಿಸುತ್ತಾರೆ. ಹೀಗಾಗಿ ಮೊದಲ ಭೇಟಿಯಲ್ಲೇ ಒಪ್ಪಂದ ಮಾಡಿಕೊಳ್ಳುತ್ತೇನೆ. ಹೊರಗೆ ಸಿಕ್ಕರೆ ನಾವು ಯಾರ ಮೂಲಕ ಪರಿಚಯ, ಏನು ಮಾತಾಡುವುದು, ಅಡಿಕೆ ರೇಟೋ ಮಳೆಯೋ, ಎಲ್ಲ ಮೊದಲೇ ನಿಕ್ಕಿ. ಇದನ್ನು ಕೇಳಿ ಬೆಂಗಳೂರಿನ ನನ್ನ ಸಹಪಾಠಿ ನಕ್ಕಿದ್ದಳು. ನಗಲಿ. ಈ ಒಪ್ಪಂದದಿಂದ ಬಂದವರಿಗೆ ಎಷ್ಟು ನೆಮ್ಮದಿಯೋ ನನಗೂ ಅಷ್ಟೇ. ನಾನು ಮದುವೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿ ಬರಬಹುದು.

ಇನ್ನು ಫೋನು. ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು; 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ತುಂಬ ಉಪಯೋಗದ ವ್ಯವಸ್ಥೆ, ನಂಬರ್ ಬರೆದಿಟ್ಟುಕೊಳ್ಳಿ. ಆದರೆ ಫೋನಿಗೆ ಸಿಗ್ನಲ್ ಬೇಕು, ಮಾತಿಗೆ ಮರೆ ಬೇಕು. ನಗರ ಹೋಬಳಿಯ ಕಡೆ, ಆಗುಂಬೆ ಸುತ್ತ, ಆಷಾಢದಲ್ಲಿ ಎರಡೂ ಇರುವುದಿಲ್ಲ. ಕರೆಂಟ್ ಹೋದರೆ ಟವರ್ ಹೋಗುತ್ತದೆ. ಮನೆಯೊಳಗೆ ಅತ್ತೆ, ಮಾವ, ಗಂಡ, ಒಲೆ ಮುಂದೆ ಕೂತ ದೊಡ್ಡಮ್ಮ. ಸೊಸೆ ಮಾತಾಡುವುದೆಲ್ಲಿ? ಸೊಪ್ಪಿಗೆ ಹೋಗುವ ನೆಪ ಹೇಳಿ ಸೊಪ್ಪಿನಬೆಟ್ಟದ ದಿಬ್ಬ ಹತ್ತಿ, ಕೊಡೆ ಹಿಡಿದು, ಇಂಬಳ ಕೀಳುತ್ತಾ ಮಾತಾಡುವವರಿದ್ದಾರೆ. ‘ಅಕ್ಕ, ಒಂದ್ನಿಮಿಷ, ಇಂಬಳ’ ಎಂಬ ಮಾತು ನನ್ನ ಕೆಲಸದ ಭಾಗವಾಗಿಬಿಟ್ಟಿದೆ. ಒಂದು ಗಂಭೀರ ಮಾತಿನ ನಡುವೆ ಲೈನ್ ಕಟ್ಟಾದರೆ ಆ ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ಇದಕ್ಕೂ ಏರ್ಪಾಟು ಮಾಡಿಕೊಂಡಿದ್ದೇವೆ: ಲೈನ್ ಕಟ್ಟಾದರೆ ಯಾರು ಮತ್ತೆ ಕರೆ ಮಾಡಬೇಕು, ಆಗದಿದ್ದರೆ ಯಾರಿಗೆ ಹೇಳಿ ಕಳಿಸಬೇಕು, ಮನೆಯಲ್ಲಿ ನಂಬಿಕೆಯವರು ಯಾರು, ಆ ಊರಿನ ಆಶಾ ಕಾರ್ಯಕರ್ತೆ ಯಾರು, ಇವೆಲ್ಲ ಮೊದಲೇ ಬರೆದಿಟ್ಟುಕೊಳ್ಳುವುದು. ತೋಟಕ್ಕೆ ಹೊಡೆಯುವ ಕಳೆನಾಶಕ, ಕೀಟನಾಶಕ ಎಲ್ಲಿಟ್ಟಿದ್ದೀರಿ, ಬೀಗ ಇದೆಯೇ, ಕೀಲಿ ಯಾರ ಹತ್ತಿರ ಎಂದು ಪ್ರತಿ ಮನೆಯವರನ್ನೂ ಕೇಳುತ್ತೇನೆ. ಕೃಷಿಕರ ಮನೆಯಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ನನಗೆ ಗೊತ್ತಿಲ್ಲ.

ಬಂದವರು ಮನಸ್ಸಿನ ಮಾತಿನಿಂದ ಶುರು ಮಾಡುವುದು ಕಡಿಮೆ. ತಲೆ ಭಾರ, ಎದೆ ಡವಡವ, ಹೊಟ್ಟೆಯಲ್ಲಿ ಏನೋ ಎದ್ದ ಹಾಗೆ, ರಾತ್ರಿ ಎರಡಕ್ಕೇ ಎಚ್ಚರ. ನನ್ನ ಹತ್ತಿರ ಬರುವ ಹೊತ್ತಿಗೆ ಸ್ಕ್ಯಾನಿಂಗ್ ಆಗಿರುತ್ತದೆ, ಪ್ರಶ್ನೆ ಕೇಳಿಸಿ ಆಗಿರುತ್ತದೆ, ಚೌಡಿಗೆ ಹರಕೆ ಕಟ್ಟಿ ಆಗಿರುತ್ತದೆ. ಚೌಡಿಯ ಜತೆ ನಾನು ವಾದಕ್ಕಿಳಿಯುವುದಿಲ್ಲ. ಹರಕೆ ಸಲ್ಲಿಸಿ, ಜತೆಗೆ ಡಾಕ್ಟರು ಬರೆದ ಮಾತ್ರೆ ನಿಲ್ಲಿಸಬೇಡಿ ಎಂಬುದಷ್ಟೇ ನನ್ನ ಪಟ್ಟು. ಮಾತ್ರೆ ನಿಲ್ಲಿಸಿ ಎಂದು ಹೇಳುವವರು, ಹೊಡೆಯುವವರು, ಹೊಗೆ ಹಾಕುವವರು ಇದ್ದಾರಲ್ಲ, ಅವರ ವಿಷಯದಲ್ಲಿ ಮಾತ್ರ ನನಗೆ ಯಾವ ಉದಾರತೆಯೂ ಇಲ್ಲ.

ಈಗ ತೀರ್ಥಹಳ್ಳಿಯ ವಿಷಯಕ್ಕೆ ಬರುತ್ತೇನೆ. ಈ ಊರಿನ ಹೆಸರು ಕುವೆಂಪು, ಅನಂತಮೂರ್ತಿ ಅವರ ಜತೆ ಕೇಳಿ ಬರುವುದು ನಿಮಗೆಲ್ಲ ಗೊತ್ತು. ಜಗತ್ತಿನ ಮನೋವೈದ್ಯರು ಓದುವ ಪತ್ರಿಕೆಗಳಲ್ಲೂ ಈ ತಾಲ್ಲೂಕಿನ ಹೆಸರು ಮತ್ತೆ ಮತ್ತೆ ಬಂದಿದೆ ಎಂಬುದು ಊರಿನವರಿಗೇ ಅಷ್ಟಾಗಿ ಗೊತ್ತಿಲ್ಲ. 2005ರಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೀನಿಯಾದಂಥ ತೀವ್ರ ಕಾಯಿಲೆ ಇರುವವರನ್ನು ಹಳ್ಳಿ ಹಳ್ಳಿಯಲ್ಲಿ ಹುಡುಕಿ ಚಿಕಿತ್ಸೆ ಕೊಡುವ ಕಾರ್ಯಕ್ರಮ ಆರಂಭಿಸಿದರು. ಅದರ ಮುಂಚೂಣಿಯಲ್ಲಿದ್ದವರು ಡಾ. ಜಗದೀಶ ತೀರ್ಥಹಳ್ಳಿ. ಮನೆ ಮನೆ ಗೊತ್ತಿರುವ ಸ್ಥಳೀಯ ಆರೋಗ್ಯ ಕಾರ್ಯಕರ್ತರಿಗೆ ಲಕ್ಷಣಗಳನ್ನು ಗುರುತಿಸಲು ಕಲಿಸಿದರು. ಅವರು ತೋರಿಸಿದವರನ್ನು ಮನೋವೈದ್ಯರು ಹತ್ತಿರದಲ್ಲೇ ಪರೀಕ್ಷಿಸಿದರು. ಕಡಿಮೆ ಬೆಲೆಯ ಸಾಮಾನ್ಯ ಔಷಧ, ಮನೆಯವರಿಗೆ ಕಾಯಿಲೆಯ ಬಗ್ಗೆ ತಿಳಿವಳಿಕೆ, ಬಿಟ್ಟುಹೋದವರ ಮನೆಗೆ ಮತ್ತೆ ಹೋಗಿ ವಿಚಾರಿಸುವುದು, ಇಷ್ಟೇ ಅದರ ಬಂಡವಾಳ. ಇದನ್ನು ವರ್ಷಗಟ್ಟಲೆ ಬಿಡದೆ ನಡೆಸಿದರು. 2009ರಲ್ಲಿ ಪ್ರಕಟವಾದ ಅವರ ಪ್ರಬಂಧ ಹೇಳಿದ್ದು ಇದು: ಔಷಧ ತೆಗೆದುಕೊಂಡವರು ಸ್ನಾನ, ಊಟ, ಮಾತುಕತೆ, ದುಡಿಮೆಯಂಥ ದಿನದ ಬಾಳಿನಲ್ಲಿ ಎದ್ದು ನಿಂತರು, ತೆಗೆದುಕೊಳ್ಳದವರು ಇದ್ದಲ್ಲೇ ಉಳಿದರು, ತಡವಾಗಿ ಶುರು ಮಾಡಿದವರೂ ಚೇತರಿಸಿಕೊಂಡರು. ಇದೇ ಮಾದರಿ ಮುಂದೆ ತುಮಕೂರು ಜಿಲ್ಲೆಯ ತುರುವೇಕೆರೆಗೂ ದಾವಣಗೆರೆ ಜಿಲ್ಲೆಯ ಜಗಳೂರಿಗೂ ಹೋಯಿತು.

ಇದರಲ್ಲಿ ರೋಗಿಗೆ ಆದ ಪ್ರಯೋಜನ ಎಲ್ಲರಿಗೂ ಕಾಣುತ್ತದೆ. ನಾನು ಗಮನಿಸಿದ್ದು ಇನ್ನೊಂದನ್ನು. ಇಡೀ ಕಾರ್ಯಕ್ರಮದಲ್ಲಿ ಯಾರೂ ಒಬ್ಬಂಟಿಯಾಗಿ ಕೆಲಸ ಮಾಡಲಿಲ್ಲ. ಹುಡುಕಿದವರು ಬೇರೆ, ಪರೀಕ್ಷಿಸಿದವರು ಬೇರೆ, ಮನೆಗೆ ಹೋಗಿ ಬಂದವರು ಬೇರೆ, ಮಾತ್ರೆ ನುಂಗಿಸಿದ ತಾಯಿ, ತಂಗಿ ಬೇರೆ. ಒಬ್ಬರಿಗೆ ಬೇಸರವಾದರೆ ಇನ್ನೊಬ್ಬರಿದ್ದರು. ಭಾರತದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಹತ್ತಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿಲ್ಲ. ಈ ಲೆಕ್ಕವನ್ನು ತಲೆ ಮೇಲೆ ಹೊತ್ತುಕೊಂಡು ‘ನಾನೊಬ್ಬಳೇ ಏನು ಮಾಡಲಿ’ ಎಂದು ಹೊರಡುವವರು ಎರಡು ಮಳೆಗಾಲವೂ ಬಾಳುವುದಿಲ್ಲ. ಅಂಥವರ ತ್ಯಾಗವನ್ನು ಹೊಗಳುವ ಪತ್ರಿಕಾ ಲೇಖನಗಳನ್ನು ಓದಿದಾಗ ನನಗೆ ದಿಗಿಲಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಹೆಸರು ತಂದವರು ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ. ‘ಮಾನಸ’ ಆಸ್ಪತ್ರೆ ಕಟ್ಟಿದರು, ಪತ್ನಿ ಡಾ. ರಜನಿ ಪೈ ಅವರು ಮನಃಶಾಸ್ತ್ರಜ್ಞರಾಗಿ ಜತೆ ನಿಂತರು. 1988ರಲ್ಲಿ ಸುರೇಶ್ ಹೆಬ್ಳೀಕರ್ ಅವರ ಜತೆ ‘ಕಾಡಿನ ಬೆಂಕಿ’ ಚಿತ್ರ ತಂದರು. ದಾಂಪತ್ಯದೊಳಗಿನ, ಯಾರೂ ಬಾಯಿ ಬಿಡದ ತೊಂದರೆಗೆ ಮನಸ್ಸಿನ ಬೇರು ಇರಬಹುದು ಎಂದು ತೋರಿಸಿದ ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಕನ್ನಡ ಪತ್ರಿಕೆಗಳಲ್ಲಿ ಬರೆದರು. 2016ರಲ್ಲಿ ವಿದೇಶ ಪ್ರವಾಸದಲ್ಲಿದ್ದಾಗ ತೀರಿಕೊಂಡರು. ಸಿನಿಮಾ, ಬರವಣಿಗೆ ಎಲ್ಲ ಅವರ ಹವ್ಯಾಸ ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೋಣೆಯೊಳಗೆ ಒಬ್ಬೊಬ್ಬರಿಗೇ ಹೇಳಿ ಮುಗಿಯದ್ದನ್ನು ಊರಿಗೆಲ್ಲ ಹೇಳುವ ದಾರಿ ಅದು. ಹೇಳಬೇಕಾದ್ದು ಕೋಣೆಯಲ್ಲೇ ಉಳಿದುಬಿಟ್ಟರೆ ಚಿಕಿತ್ಸಕರಿಗೆ ಉಸಿರು ಕಟ್ಟುತ್ತದೆ. ಬೆಂಗಳೂರಿನಲ್ಲಿ ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಅವರು ಕನ್ನಡದಲ್ಲಿ ಅಷ್ಟೊಂದು ಪುಸ್ತಕ ಬರೆದದ್ದರ ಹಿಂದೆಯೂ ಇಂಥದೇ ಒಂದು ಒತ್ತಾಯ ಇದ್ದಿರಬೇಕು.

ಇನ್ನು ದುಃಖ ಕೇಳುವವರ ದಣಿವಿನ ವಿಷಯ. 1974ರಲ್ಲಿ ನ್ಯೂಯಾರ್ಕಿನ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಃಶಾಸ್ತ್ರಜ್ಞ ಉಚಿತ ಚಿಕಿತ್ಸಾಲಯಗಳಲ್ಲಿ ದುಡಿಯುವ ಉತ್ಸಾಹಿಗಳು ಹೇಗೆ ಉರಿದು ಬೂದಿಯಾಗುತ್ತಾರೆ ಎಂದು ಬರೆದ. ‘ಬರ್ನೌಟ್’ ಎಂಬ ಮಾತು ಈ ಅರ್ಥದಲ್ಲಿ ಅಲ್ಲಿಂದ ಹಬ್ಬಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತನ್ನ ಕಾಯಿಲೆಗಳ ಪಟ್ಟಿಯಲ್ಲಿ ವಿವರಿಸುವಾಗ ಒಂದು ಎಚ್ಚರ ವಹಿಸಿತು: ಇದು ಕಾಯಿಲೆಯಲ್ಲ, ಕೆಲಸದ ಸ್ಥಳಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಹಾಗಾದರೆ ಮದ್ದು ಮಾಡಬೇಕಾದ್ದು ಕೆಲಸದ ಸ್ಥಳಕ್ಕೆ. ನಾವು ಕೆಲಸ ಮಾಡುವವರನ್ನು ಯೋಗ ಶಿಬಿರಕ್ಕೆ ಕಳಿಸುತ್ತೇವೆ.

ಈ ದಣಿವು ಬಂದಾಗ ನನಗೆ ಮೈ ಸೋತಂತೆ ಅನ್ನಿಸುವುದೇನೂ ಇಲ್ಲ. ಬದಲಿಗೆ ಬುದ್ಧಿ ಚುರುಕಾದಂತೆ ಅನ್ನಿಸುತ್ತದೆ. ಎದುರಿಗಿದ್ದವರು ಅರ್ಧ ವಾಕ್ಯ ಹೇಳುವಷ್ಟರಲ್ಲಿ ‘ಓ, ಇದು ಆ ಥರದ್ದು’ ಎಂದು ಉಳಿದ ಅರ್ಧವನ್ನು ನಾವೇ ತುಂಬಿಸಿಬಿಡುತ್ತೇವೆ. ಅತ್ತೆ-ಸೊಸೆ, ಪಾಲುಪಟ್ಟಿ, ಕುಡಿತ, ಬೆಂಗಳೂರಿಗೆ ಹೋದ ಮಗ, ಹೆಣ್ಣು ಸಿಗದ ಮೂವತ್ತೈದರ ಹುಡುಗ, ಎಲ್ಲ ಕೇಳಿ ಕೇಳಿ ಪಾಠವಾಗಿರುತ್ತದೆ. ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ವೃದ್ಧ ದಂಪತಿ ಎಂದರೆ ಸಾಕು, ಮಗನ ಮೇಲಿನ ಕೊರಗು ಎಂದು ನಾವೇ ತೀರ್ಮಾನಿಸುತ್ತೇವೆ. ಆ ಅಜ್ಜಿಗೆ ಮಗನ ಚಿಂತೆಯೇ ಇರುವುದಿಲ್ಲ. ಎಲೆಚುಕ್ಕಿ ರೋಗ ಬಂದು ತೋಟ ಹೋಗುತ್ತಿದೆ, ಯಜಮಾನರು ಮಾತು ಬಿಟ್ಟಿದ್ದಾರೆ ಎಂಬುದು ಆಕೆಯ ಸಂಕಟ. ಕೊನೆಯವರೆಗೆ ಕೇಳುವ ತಾಳ್ಮೆ ಇಲ್ಲದಿದ್ದರೆ ತೋಟದ ಮಾತು ಬರುವುದೇ ಇಲ್ಲ. ‘ಮುಂದೇನು ಹೇಳ್ತಾರೋ’ ಎಂಬ ಕುತೂಹಲ ನನ್ನಲ್ಲಿ ಸತ್ತಿದೆ ಎಂದು ಗೊತ್ತಾದ ವಾರ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ. ಆ ವಾರ ಆದಾಯ ಕಡಿಮೆ. ಕೊಯ್ಲಿನ ಕಾಲದಲ್ಲಿ ಹೇಗೂ ಯಾರೂ ಬರುವುದಿಲ್ಲ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮಲೆನಾಡಿನವರಿಗೆ ಖಿನ್ನತೆಗೂ ಪುರುಸೊತ್ತಿಲ್ಲ ಎಂದು ತಮಾಷೆ ಮಾಡುತ್ತೇನೆ. ಫೆಬ್ರುವರಿಯಲ್ಲಿ ಎಲ್ಲರೂ ಒಟ್ಟಿಗೆ ಬರುತ್ತಾರೆ.

ಇನ್ನೊಂದು ದಣಿವು ಇದಕ್ಕಿಂತ ಕಠಿಣ. ಎದುರಿಗೆ ಕೂತವರಿಗೆ ಇರುವುದು ಕಾಯಿಲೆಯೇ, ಅನ್ಯಾಯವೇ ಎಂದು ತಿಳಿಯದೆ ಒದ್ದಾಡುವುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸಾಗರ, ಹೊಸನಗರದ ಎಷ್ಟೋ ಊರು ಮುಳುಗಿದವು. ಎದ್ದು ಹೋದ ಕುಟುಂಬಗಳ ಮೊಮ್ಮಕ್ಕಳು ಇವತ್ತಿಗೂ ತಾವಿರುವ ಜಾಗದ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಸಾಗರದ ನಾ. ಡಿಸೋಜ ಅವರು ಬದುಕಿರುವವರೆಗೂ ಬರೆದದ್ದು ಈ ಮುಳುಗಡೆಯ ಬದುಕನ್ನು. ಅರಣ್ಯ ಇಲಾಖೆಯ ನೋಟಿಸು ಹಿಡಿದು, ನಿದ್ದೆ ಬರುತ್ತಿಲ್ಲ ಎಂದು ಬರುವ ಯಜಮಾನನಿಗೆ ನಾನು ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದರೆ ಅದು ಕಸುಬಿಗೆ ಮಾಡುವ ಅವಮಾನ. ಹಾಗೆಂದು ಅವನ ಫೈಲು ಹಿಡಿದು ನಾನೇ ತಾಲ್ಲೂಕು ಕಚೇರಿ ಸುತ್ತತೊಡಗಿದರೆ ಸಮಾಲೋಚಕಿಯಾಗಿ ಉಳಿಯುವುದಿಲ್ಲ. ನಾನು ಮಾಡುವುದು ಇಷ್ಟು: ಎಚ್ಚರವಾಗಿರುವುದಕ್ಕೆ ಕಾರಣವಿದೆ, ನಿಮ್ಮ ತಲೆ ಕೆಟ್ಟಿಲ್ಲ ಎಂದು ನೇರವಾಗಿ ಹೇಳುತ್ತೇನೆ, ನೋಟಿಸಿಗೆ ವಕೀಲರನ್ನೋ ಹೋರಾಟದವರನ್ನೋ ತೋರಿಸುತ್ತೇನೆ, ಅದರ ಜತೆ ನಿಜಕ್ಕೂ ಖಿನ್ನತೆ ಬೆಳೆದಿದ್ದರೆ ಅದನ್ನು ಬೇರೆಯಾಗಿ ನೋಡುತ್ತೇನೆ. ಹಕ್ಕುಪತ್ರ ಕೊಡಿಸುವುದು ನನ್ನಿಂದ ಆಗದ ಕೆಲಸ ಎಂದು ಒಪ್ಪಿಕೊಂಡ ಮೇಲೆ, ನನ್ನಿಂದಾಗುವುದನ್ನು ಚೊಕ್ಕಟವಾಗಿ ಮಾಡುವುದು ಸಾಧ್ಯವಾಯಿತು.

ಹಿನ್ನೀರಿನ ಮಾತು ಬಂದದ್ದಕ್ಕೆ ಒಂದು ಸಂತೋಷದ ಸುದ್ದಿ. 2025ರ ಜುಲೈ 14ರಂದು ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆಯಿತು. ಅಂಬಾರಗೊಡ್ಲಿನಿಂದ ಕಳಸವಳ್ಳಿಗೆ, ಸುಮಾರು 2.44 ಕಿಲೋಮೀಟರ್. ಅಲ್ಲಿಯವರೆಗೆ ತುಮರಿ ಕಡೆಯವರು ಸಾಗರಕ್ಕೆ ಬರಬೇಕಾದರೆ ಲಾಂಚಿನ ಹೊತ್ತಿಗೆ ಕಾಯಬೇಕಿತ್ತು, ಸಂಜೆ ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಈಚೆ ದಡದಲ್ಲೇ. ಮನಸ್ಸು ಕುಸಿದವರಿಗೆ ಒಂದು ದಡದಿಂದ ಇನ್ನೊಂದಕ್ಕೆ ಬರುವುದೇ ದೊಡ್ಡ ಸಾಹಸ. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಯೋಜನೆ ರಾಜ್ಯದಲ್ಲಿ 2014ರಿಂದ ಇದೆ. ಆದರೆ ಡಾಕ್ಟರು ಬಂದರೆ ಸಾಲದು, ರೋಗಿ ಬಂದು ಅದೇ ದಿನ ಮನೆ ಸೇರುವಂತಿರಬೇಕು. ಮಾನಸಿಕ ಆರೋಗ್ಯದ ಬಜೆಟ್ಟಿನಲ್ಲಿ ಸೇತುವೆಯನ್ನೂ ಸೇರಿಸಬೇಕು ಎಂದರೆ ಇಂಜಿನಿಯರುಗಳು ನಗುತ್ತಾರೇನೋ.

ನನ್ನ ಸ್ವಂತ ನೆಮ್ಮದಿಯ ಬಗ್ಗೆ ಎರಡು ಮಾತು, ಕೇಳಿದ್ದೀರಿ ಎಂಬ ಕಾರಣಕ್ಕೆ. ಸಂಜೆ ಏಳರ ನಂತರ ಕೆಲಸದ ಫೋನು ಬಂದ್. ತುರ್ತಿಗೆ ಯಾರಿಗೆ ಕರೆ ಮಾಡಬೇಕೆಂದು ಎಲ್ಲರ ಕೈಯಲ್ಲೂ ಚೀಟಿ ಇರುತ್ತದೆ. ಜೇನು, ಬಾಳೆಗೊನೆ, ಅಪ್ಪೆಮಿಡಿ ತಂದರೆ ತೆಗೆದುಕೊಳ್ಳುತ್ತೇನೆ, ಶುಲ್ಕವನ್ನೂ ತೆಗೆದುಕೊಳ್ಳುತ್ತೇನೆ. ಒಂದರ ಬದಲು ಇನ್ನೊಂದಲ್ಲ. ಮಳೆಗಾಲದಲ್ಲಿ ತಾಳಮದ್ದಲೆಗೆ ಹೋಗುತ್ತೇನೆ. ಅಲ್ಲಿ ಕರ್ಣನಿಗೆ ಕೃಷ್ಣ ಏನು ಬೇಕಾದರೂ ಹೇಳಲಿ, ಕರ್ಣ ಎಷ್ಟು ಬೇಕಾದರೂ ಕೊರಗಲಿ, ಯಾವುದಕ್ಕೂ ನಾನು ಜವಾಬ್ದಾರಳಲ್ಲ. ಇದು ಸಣ್ಣ ವಿಷಯ. ದೊಡ್ಡ ವಿಷಯವೆಂದರೆ ನನಗೆ ಹಿರಿಯ ಸಹೋದ್ಯೋಗಿಯೊಬ್ಬರಿದ್ದಾರೆ. ಹೆಸರು, ಊರು ಹೇಳದೆ ಕಷ್ಟದ ಪ್ರಸಂಗಗಳನ್ನು ಅವರ ಮುಂದಿಡುತ್ತೇನೆ. ‘ಇಲ್ಲಿ ನೀನು ಯಾಕೆ ಅವಸರ ಮಾಡಿದೆ?’ ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಯಷ್ಟು ನನ್ನನ್ನು ಹಗುರ ಮಾಡುವ ಸಂಗತಿ ಇನ್ನೊಂದಿಲ್ಲ.

1950ರ ದಶಕದಲ್ಲಿ ಲಂಡನ್ನಿನಲ್ಲಿ ಮೈಕೇಲ್ ಬಾಲಿಂಟ್ ಎಂಬ ಮನೋವಿಶ್ಲೇಷಕ ಸಾಮಾನ್ಯ ವೈದ್ಯರನ್ನು ನಿಯಮಿತವಾಗಿ ಒಟ್ಟು ಕೂರಿಸುತ್ತಿದ್ದ. ಅವರು ತಮ್ಮನ್ನು ಕಾಡಿದ ಒಬ್ಬ ರೋಗಿಯ ಬಗ್ಗೆ ಹೇಳಬೇಕು, ಉಳಿದವರು ಕೇಳಬೇಕು. ರೋಗಕ್ಕಿಂತ ಹೆಚ್ಚಾಗಿ ವೈದ್ಯ ಮತ್ತು ರೋಗಿಯ ನಡುವೆ ಏನಾಗುತ್ತಿದೆ ಎಂಬುದೇ ಅಲ್ಲಿನ ಚರ್ಚೆ. ಇಂದಿಗೂ ಅನೇಕ ದೇಶಗಳಲ್ಲಿ ಇಂಥ ಗುಂಪುಗಳು ನಡೆಯುತ್ತವೆ. ನಮ್ಮ ಮೂರು ತಾಲ್ಲೂಕಿನಲ್ಲಿ ದುಃಖ ಕೇಳುವ ಕೆಲಸವನ್ನು ದಿನವೂ ಮಾಡುವವರು ನನ್ನಂಥ ನಾಲ್ಕೈದು ಮಂದಿಯಲ್ಲ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಹೈಸ್ಕೂಲ್ ಮೇಷ್ಟ್ರುಗಳು, ಆಸ್ಪತ್ರೆಯ ನರ್ಸುಗಳು. ಹೆರಿಗೆಯ ನಂತರ ಮಂಕಾದ ಬಾಣಂತಿ, ಕುಡಿದು ಬಂದು ಹೊಡೆಯುವ ಗಂಡ, ಮಂಗನ ಕಾಯಿಲೆಗೆ ಮನೆಯವರನ್ನು ಕಳೆದುಕೊಂಡವರು, ಎಲ್ಲರೂ ಮೊದಲು ಸಿಗುವುದು ಆಶಾಗೆ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂತದ್ದು ಗೌರವಧನಕ್ಕಾಗಿ. ಇವರು ಕೇಳಿಸಿಕೊಂಡದ್ದನ್ನೆಲ್ಲ ಎಲ್ಲಿ ಇಳಿಸಬೇಕು ಎಂದು ಯಾವ ಸುತ್ತೋಲೆಯಲ್ಲೂ ಬರೆದಿಲ್ಲ.

ಆದ್ದರಿಂದ ದತ್ತಿ ಇಟ್ಟ ಕುಟುಂಬದವರಲ್ಲಿ, ಸಂಘಟಕರಲ್ಲಿ ನನ್ನದೊಂದು ಬೇಡಿಕೆ. ಈ ದತ್ತಿಯ ಬಡ್ಡಿ ಹಣ ವರ್ಷಕ್ಕೊಂದು ಭಾಷಣಕ್ಕೆ, ಒಂದು ಹಾರಕ್ಕೆ, ಒಂದು ಶಾಲಿಗೆ ಹೋಗುತ್ತದೆ. ಮುಂದಿನ ವರ್ಷ ಭಾಷಣ ಬೇಡ. ಇದೇ ಸಭಾಂಗಣವನ್ನು ತಿಂಗಳಿಗೊಂದು ಮಧ್ಯಾಹ್ನ ಈ ಜನರಿಗೆ ಬಿಟ್ಟುಕೊಡಿ. ಹತ್ತು ಹದಿನೈದು ಮಂದಿ ಸಾಕು. ವೇದಿಕೆ, ಮೈಕು, ಉದ್ಘಾಟನೆ ಯಾವುದೂ ಇರಕೂಡದು, ಬಾಗಿಲು ಮುಚ್ಚಿರಬೇಕು, ಫೋಟೋ ತೆಗೆಯಬಾರದು. ಬಡ್ಡಿಯಲ್ಲಿ ಅವರ ಬಸ್ ಚಾರ್ಜು, ಕಾಫಿ, ತಿಂಡಿ ಆಗುತ್ತದೆ. ಮೊದಲ ಕೆಲವು ತಿಂಗಳು ನಡೆಸಿಕೊಡಲು ನಾನು ಬರುತ್ತೇನೆ, ಸಂಭಾವನೆ ಬೇಡ. ಇವತ್ತಿನ ಶಾಲನ್ನೂ ಉಳಿಸಿ, ಮಾರಿದರೆ ಎರಡು ತಿಂಗಳ ಕಾಫಿ ಪುಡಿಗೆ ಆದೀತು.